ಜೋಲುವ ರೆಪ್ಪೆ ಬರಿ ಶೋಭೆಯ ಪ್ರಶ್ನೆಯೇ?

ಕಣ್ಣಿನ ಬೇನೆಯ ಮಾತು ಬಂದೊಡನೆ ನಮ್ಮ ಜನರಿಗೆ ನೆನಪಾಗುವದು ಪೊರೆ. ಪೊರೆ ಬೆಳೆದರೆ ಅಂಜದೆ ತೆಗೆಯಿಸಿಕೊಳ್ಳಬೇಕೆಂಬ ತಿಳುವಳಿಕೆಯು ಇಂದು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಳಹಳ್ಳಿಗಳಿಗೂ ಮುಟ್ಟಿರುವದು ಸಂತೋಷದ ಸಂಗತಿ. ಇದು ತಾನಾಗಿ ಆದದ್ದಲ್ಲ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರಂಥ ಮಹನೀಯರು ಊರೂರಿಗೆ ಹೋಗಿ, ಶಾಲೆ-ಛತ್ರಗಳನ್ನೇ ದವಾಖಾನೆ ಮಾಡಿಕೊಂಡು, ಲಕ್ಷಾವಧಿ ಬಡವರ ಕಣ್ಣು ತೆರೆಯಿಸಿದ್ದರ ಫಲವಿದು. ಸರಕಾರವು ೧೯೫೬ರಲ್ಲಿ ಪದ್ಮಶ್ರೀಯನ್ನೂ ೧೯೬೮ರಲ್ಲಿ ಪದ್ಮಭೂಷಣವನ್ನೂ ಇತ್ತು ಅವರನ್ನು ಗೌರವಿಸಿತು. ೨೦೦೫ರಲ್ಲಿ ಅವರು ಕಾಲವಾದರು. ಆದರೆ ಆ ಅಂಜಿಕೆಯು ಕಳೆದದ್ದು ಪೊರೆಯ ಮಟ್ಟಿಗೆ ಮಾತ್ರ. ಕಣ್ಣಿನ ಕಾವಲುಗಾರನಾದ ರೆಪ್ಪೆಗೆ ಶಸ್ತ್ರಕ್ರಿಯೆಯೆಂದರೆ ಇಂದಿಗೂ ನಮ್ಮಲ್ಲಿ ಒಬ್ಬರು ನಗುವರು, ಇನ್ನೊಬ್ಬರು ಹೆದರುವರು, ಮತ್ತೊಬ್ಬರು ‘ಮುಂದೆ ನೋಡೋಣ’ ಎಂದು ಸುಮ್ಮನಾಗುವರು.

ಈ ಸುಮ್ಮನಾಗುವಿಕೆಯೇ ಅತಿ ದುಬಾರಿಯದು. ಕೂಸು ಹುಟ್ಟಿದಾಗಲೇ ಒಂದು ರೆಪ್ಪೆ ಕೆಳಗೆ ಬಿದ್ದಿದ್ದರೆ, ಬಸುರಿಯಿದ್ದಾಗ ಗ್ರಹಣ ನೋಡಿದಳೆಂದು ತಾಯಿಯನ್ನು ದೂರುವದುಂಟು. ಗಂಡಾದರೆ ‘ದೊಡ್ಡವನಾದರೆ ಸರಿಹೋಗುವದು’ ಎನ್ನುವರು. ಹೆಣ್ಣಾದರೆ ‘ಲಗ್ನದ ಹೊತ್ತಿಗೆ ಮಾಡಿಸಿದರಾಯಿತು’ ಎನ್ನುವರು. ಎರಡೂ ಮಾತುಗಳ ಬುಡದಲ್ಲಿರುವದು ಒಂದೇ ಗ್ರಹಿಕೆ: ರೆಪ್ಪೆಯೆಂದರೆ ಮುಖದ ಶೋಭೆ, ದೃಷ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂಬದು. ವಾಸ್ತವ ಸಂಗತಿಯು ಇದಕ್ಕೆ ತೀರ ವಿರುದ್ಧವಾಗಿದೆ.

ರೆಪ್ಪೆಯನ್ನು ಮೇಲೆತ್ತುವ ಒಂದು ಸ್ನಾಯುವಿದೆ. ಕೆಲ ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಬಲಹೀನವಾಗಿರುವದು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಗ್ರಹಣದ ಬಾಧೆಯೂ ಇಲ್ಲ. ರೆಪ್ಪೆಯು ಕಣ್ಣಪಾಪೆಯನ್ನು ಮುಚ್ಚಿಕೊಂಡಿದ್ದರೆ ಬೆಳಕು ಒಳಗೆ ಸರಿಯಾಗಿ ಹೋಗುವದಿಲ್ಲ. ನೋಡುವದನ್ನು ಕಲಿಯುವದು ಕಣ್ಣಷ್ಟೇ ಅಲ್ಲ, ಮೆದುಳು ಕೂಡ. ಈ ಕಲಿಕೆಯು ಮುಖ್ಯವಾಗಿ ಮಗುವಿನ ಮೊದಲ ಏಳೆಂಟು ವರ್ಷಗಳಲ್ಲಿ ಆಗುವದು. ಆ ಕಾಲ ಕಳೆದ ಮೇಲೆ ರೆಪ್ಪೆ ಎತ್ತಿಸಿದರೆ ಮುಖ ನೆಟ್ಟಗಾದೀತು. ಕಳೆದ ದೃಷ್ಟಿ ಪೂರ್ತಿಯಾಗಿ ಮರಳುವದು ಬಲು ಕಷ್ಟ. ಲಗ್ನದವರೆಗೆ ಕಾಯುವವರು ಮಗಳ ಮುಖವನ್ನು ಉಳಿಸಲು ಹೋಗಿ ಅವಳ ಒಂದು ಕಣ್ಣನ್ನು ಕಳೆಯುವ ಸಂಭವವುಂಟು. ಮಗು ಗದ್ದ ಎತ್ತಿ, ಹುಬ್ಬು ಏರಿಸಿ ನೋಡುತ್ತಿದ್ದರೆ ಅದು ಸೊಕ್ಕಿನ ಲಕ್ಷಣವಲ್ಲ; ರೆಪ್ಪೆಯ ಕೆಳಗಿನ ಕಿಂಡಿಯಿಂದ ಜಗತ್ತನ್ನು ಕಾಣಲು ಅದು ಪಡುವ ಪಾಡು. ಅಂಥ ಮಗುವಿನ ವಿಷಯದಲ್ಲಿ ವೈದ್ಯರ ಪರೀಕ್ಷೆಗೆ ಒಂದು ತಿಂಗಳ ತಡವೂ ಸಲ್ಲದು. ರೆಪ್ಪೆ ಸ್ವಲ್ಪವೇ ಇಳಿದಿದ್ದು ಪಾಪೆಯು ತೆರೆದಿದ್ದರೆ ಶಸ್ತ್ರಕ್ರಿಯೆಯನ್ನು ಮುಂದೂಡಬಹುದು; ಪರೀಕ್ಷೆಯನ್ನು ಮುಂದೂಡಬಾರದು.

ದೊಡ್ಡವರ ಸಂಗತಿ ಬೇರೆ. ವಯಸ್ಸಾದಂತೆ ರೆಪ್ಪೆಯ ಚರ್ಮ ಸಡಿಲಾಗಿ ಕಣ್ಣಿನ ಮೇಲೆ ಇಳಿಬೀಳುವದು, ಅಥವಾ ಸ್ನಾಯುವಿನ ಹಿಡಿತ ಜಾರುವದು. ಇಲ್ಲಿ ಅವಸರಕ್ಕಿಂತ ಅಳತೆ ಮುಖ್ಯ. ಕಣ್ಣಪಾಪೆಯ ನಡುವಿನಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರು ಅಂತರವಿರುವದು. ವೈದ್ಯರು ಇದನ್ನು ಅಳೆದು, ರೆಪ್ಪೆ ಇಳಿದಾಗಲೂ ಪಟ್ಟಿ ಹಚ್ಚಿ ಅದನ್ನು ಎತ್ತಿದಾಗಲೂ ದೃಷ್ಟಿಯ ಹರವು ಎಷ್ಟೆಂಬದನ್ನು ಹೋಲಿಸಿ ನೋಡುವರು. ಎತ್ತಿದಾಗ ಮೇಲಿನದೂ ಬದಿಯದೂ ಚೆನ್ನಾಗಿ ಕಾಣುವಂತಿದ್ದರೆ ಆ ಶಸ್ತ್ರಕ್ರಿಯೆಯು ಶೋಭೆಗಾಗಿಯಲ್ಲ, ದೃಷ್ಟಿಗಾಗಿ. ಬಂಡಿ ಹೊಡೆಯುವ ರೈತನಿಗೂ, ಮೋಟಾರು ನಡೆಯಿಸುವವನಿಗೂ, ದಿನವೆಲ್ಲ ಕಡತ ಓದುವ ಕಾರಕೂನನಿಗೂ ಅದು ಅನ್ನದ ಪ್ರಶ್ನೆ. ‘ಈ ವಯಸ್ಸಿನಲ್ಲಿ ಯಾತಕ್ಕೆ?’ ಎಂಬ ಮನೆಯವರ ಮಾತು ಅಲ್ಲಿ ನಿಲ್ಲುವದಿಲ್ಲ.

ಇಳಿದ ರೆಪ್ಪೆಗೆಲ್ಲ ಕತ್ತರಿಯೇ ಮದ್ದೆಂದೂ ಇದರಿಂದ ತಿಳಿಯಬಾರದು. ಬೆಳಿಗ್ಗೆ ನೆಟ್ಟಗಿದ್ದು ಸಂಜೆಗೆ ಬೀಳುವ ರೆಪ್ಪೆಯು ಸ್ನಾಯುಗಳನ್ನು ದಣಿಸುವ ಬೇರೊಂದು ರೋಗದ ಗುರುತಾಗಿರಬಹುದು, ಇಂಗ್ಲಂಡಿನ ಡಾ. ಮೇರಿ ವಾಕರ ಅವರು ೧೯೩೪ರಲ್ಲಿಯೇ ಈ ರೋಗಕ್ಕೆ ಔಷಧದಿಂದ ಗುಣ ಕಾಣುವದೆಂದು ತೋರಿಸಿಕೊಟ್ಟರು. ಒಮ್ಮಿಂದೊಮ್ಮೆಲೆ ರೆಪ್ಪೆ ಬಿದ್ದು, ಒಂದು ಎರಡಾಗಿ ಕಂಡು, ತಲೆ ಸಿಡಿಯುವಂತಾದರೆ ಅದು ಮೆದುಳಿನ ರಕ್ತನಾಳದ ಅಪಾಯದ ಸೂಚನೆಯಾಗಿರಬಹುದು. ಅಂಥವರು ಅದೇ ದಿನ ದೊಡ್ಡ ದವಾಖಾನೆಯನ್ನು ಸೇರತಕ್ಕದ್ದು. ಕಾರಣ ತಿಳಿಯದೆ ರೆಪ್ಪೆ ಕತ್ತರಿಸುವವನು ವೈದ್ಯನಲ್ಲ, ದರ್ಜಿ.

ಇನ್ನೊಂದು ಬಗೆಯ ರೋಗಿಯನ್ನು ನಮ್ಮ ಹಳ್ಳಿಗಳು ಹಳೆಯ ಕಾಲದಿಂದ ಬಲ್ಲವು. ರೆಪ್ಪೆ ಒಳಕ್ಕೆ ಮಡಚಿ ಕೂದಲು ಕಣ್ಣಿನ ಗುಡ್ಡೆಯನ್ನು ಉಜ್ಜುತ್ತಿರುವ ಮುದುಕಿಯರು ಚಿಮಟಿಗೆಯಿಂದ ಕೂದಲನ್ನು ಕೀಳಿಸಿಕೊಳ್ಳುವರು; ಕೆಲವೇ ವಾರಗಳಲ್ಲಿ ಅದು ಮತ್ತೆ ಮೊಳೆಯುವದು. ಉಜ್ಜುತ್ತ ಹೋದಂತೆ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಬಿದ್ದು ದೃಷ್ಟಿ ಮಂಜಾಗುವದು. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಸಾರಿತು. ಆದರೆ ಸೋಂಕು ಹೋದ ಮೇಲೂ ಅದು ಮಾಡಿಹೋದ ಗಾಯ ಮುದುಕರ ರೆಪ್ಪೆಯಲ್ಲಿ ಉಳಿದಿರುವದು. ವಯಸ್ಸಿನಿಂದಲೂ ರೆಪ್ಪೆ ಒಳಮಡಚುವದುಂಟು. ಇವರಿಗೆ ಚಿಮಟಿಗೆ ಸಾಲದು. ರೆಪ್ಪೆಯ ಅಂಚನ್ನು ಹೊರಕ್ಕೆ ತಿರುಗಿಸುವ ಶಸ್ತ್ರಕ್ರಿಯೆಯೇ ಬೇಕು.

ರೆಪ್ಪೆಗೆ ಶಸ್ತ್ರ ತಾಗಿಸುವದು ಪರದೇಶದ ಷೋಕಿಯೆನ್ನುವವರು ಸುಶ್ರುತಸಂಹಿತೆಯ ಉತ್ತರತಂತ್ರವನ್ನು ನೋಡತಕ್ಕದ್ದು. ಇದೇ ಒಳಮಡಚಿದ ರೆಪ್ಪೆಗೆ ‘ಪಕ್ಷ್ಮಕೋಪ’ವೆಂದು ಹೆಸರಿಟ್ಟು, ಹುಬ್ಬಿನ ಕೆಳಗೆ ಜವೆಗೋದಿಯ ಆಕಾರದಷ್ಟು ಚರ್ಮವನ್ನು ತೆಗೆದು, ಕೂದಲಿನಿಂದ ಹೊಲಿದು, ಜೇನು-ತುಪ್ಪ ಹಚ್ಚುವ ಕ್ರಮವನ್ನು ಅಲ್ಲಿ ಹೇಳಿದೆ. ಆದರೆ ಪೂರ್ವಿಕರ ಗ್ರಂಥವನ್ನು ಹೊಗಳಿ ಮನೆಯ ಮಗುವಿನ ಕಣ್ಣನ್ನು ಮುಚ್ಚಿಯೇ ಇಡುವದು ಪೂರ್ವಿಕರಿಗೆ ಸಲ್ಲಿಸುವ ಗೌರವವಲ್ಲ.

ಕೇವಲ ಅಂದಕ್ಕಾಗಿ ಮಾಡಿಸಿಕೊಳ್ಳುವವರ ಮಾತೇನು? ಪ್ರಾಯಕ್ಕೆ ಬಂದವರು ತಮ್ಮ ಹಣದಿಂದ, ತಿಳಿದು ಮಾಡಿಸಿಕೊಂಡರೆ ನಾವು ಹಳಿಯುವವರಲ್ಲ. ಸಾಲ ಮಾಡಿ ಮಾಡಿಸಿಕೊಳ್ಳಬಾರದು, ಜಾಹೀರಾತಿನ ಫೋಟೋ ನಂಬಿ ಹೋಗಬಾರದು ಎಂಬಷ್ಟೇ ನಮ್ಮ ಎಚ್ಚರಿಕೆ. ರೆಪ್ಪೆಯ ಚರ್ಮ ಹೆಚ್ಚು ಹೋದರೆ ಕಣ್ಣು ಪೂರ್ತಿ ಮುಚ್ಚದು. ಮುಚ್ಚದ ಕಣ್ಣು ಒಣಗಿ ಹುಣ್ಣಾಗುವದು. ಅಪರೂಪವಾದರೂ ಕಣ್ಣಿನ ಹಿಂದೆ ರಕ್ತ ಕಟ್ಟಿ ದೃಷ್ಟಿಯೇ ಹೋಗುವ ಅಪಾಯವಿದೆ.

ಆದಕಾರಣ ಯಾವ ಕಾರಣಕ್ಕಾಗಲಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ರೆಪ್ಪೆ ಇಳಿದ ಕಾರಣವೇನು? ಶಸ್ತ್ರಕ್ರಿಯೆ ಮಾಡಿಸದಿದ್ದರೆ ಆಗುವ ಹಾನಿಯೇನು? ಆಮೇಲೆ ಕಣ್ಣು ಮುಚ್ಚುವದೋ, ರಾತ್ರಿ ಮುಲಾಮು ಎಷ್ಟು ದಿನ ಬೇಕು? ಮತ್ತೊಮ್ಮೆ ತಿದ್ದುವ ಪ್ರಸಂಗ ಬರಬಹುದೇ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಗುಳಿಗೆಗಳ ಸಂಗತಿಯನ್ನು ರೋಗಿಯೂ ಮುಚ್ಚಿಡಬಾರದು. ಈ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರ ಹೇಳದ ವೈದ್ಯರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗುವದೇ ಲೇಸು.

ಕೊನೆಯದಾಗಿ ಅಧಿಕಾರಿಗಳಿಗೆ ಎರಡು ಮಾತು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಯಿತು. ಈಗ ಅಲ್ಲಿ ವೈದ್ಯಕೀಯ ಕಾಲೇಜೂ ಇದೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ೧೯೫೭ರಿಂದ ಈ ಭಾಗದ ಬಡವರಿಗೆ ಆಸರೆಯಾಗಿದೆ. ಆದರೆ ಹೆದ್ದಾರಿಯ ಮೇಲಿರುವ ಶಿಗ್ಗಾವಿಯವರಿಗೆ ಹುಬ್ಬಳ್ಳಿಯು ಹತ್ತಿರ. ಹಿರೇಕೆರೂರಿನ ಒಳಹಳ್ಳಿಯ ಕೂಲಿಯವಳಿಗೆ ಪ್ರತಿಯೊಂದು ಫೇರಿಯೂ ಒಂದು ದಿನದ ಗಳಿಕೆಯ ನಷ್ಟ. ತಿಂಗಳಿಗೊಂದು ದಿನವಾದರೂ ಈ ನಾಲ್ಕು ತಾಲೂಕು ಆಸ್ಪತ್ರೆಗಳಲ್ಲಿ ರೆಪ್ಪೆಯ ಪರೀಕ್ಷೆಗೆ ಬಲ್ಲವರನ್ನು ಕಳಿಸಬೇಕು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ-ಶಾಲೆಗಳಿಗೆ ಬಂದಾಗ ಅಕ್ಷರ ಓದಿಸಿದರೆ ಸಾಲದು, ರೆಪ್ಪೆ ಎಲ್ಲಿ ನಿಂತಿದೆಯೆಂದು ನೋಡಬೇಕು. ೨೦೧೮ರಿಂದ ನಡೆದಿರುವ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದ ಚೀಟಿ ಹಿಡಿದು ಬಂದ ಬಡವನ ಅರ್ಜಿಯನ್ನು ‘ಇದು ಅಂದದ ಕೆಲಸ’ ಎಂದು ಬದಿಗಿಡುವ ಮೊದಲು ಆ ನಾಲ್ಕೈದು ಮಿಲಿಮೀಟರಿನ ಅಳತೆಯನ್ನು ಕೇಳಬೇಕು.

ಶಿಕ್ಷಕ ಬಂಧುಗಳಲ್ಲಿಯೂ ನಮ್ಮ ಬಿನ್ನಹವಿದೆ. ನಾಳೆ ತರಗತಿಯಲ್ಲಿ ಗದ್ದ ಎತ್ತಿ ಫಳಿ ನೋಡುವ ಮಗುವಿದ್ದರೆ ಗದರಿಸದಿರಿ; ಅದರ ತಂದೆ-ತಾಯಿಗಳನ್ನು ಕರೆದು ದವಾಖಾನೆಯ ದಾರಿ ತೋರಿಸಿರಿ. ಆ ಕಣ್ಣಿಗೆ ಉಳಿದಿರುವ ವರ್ಷಗಳು ಎಣಿಕೆಯವು.