ಎರಡು ತಂತಿಗಳ ಜಗಳ

ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಬಹುತೇಕ ಪೇಟೆಮನೆಗಳಿಗೆ ಎರಡು ತಂತಿ ಬರುತ್ತಿದ್ದವು. ಒಂದು ಫೋನಿನದು, ಇನ್ನೊಂದು ಕೇಬಲ್ ಟಿ.ವಿ.ಯದು. ಎರಡನ್ನೂ ಇಂಟರ್‌ನೆಟ್‌ಗೆಂದು ಎಳೆದದ್ದಲ್ಲ. 56 ಕಿಲೋಬಿಟ್ ಮೋಡೆಮ್ಮಿನ ಕಿರ್ರೆನ್ನುವ ಸದ್ದು ಕೇಳುತ್ತ, ಒಂದು ಚಿತ್ರ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಮುಗಿಸುತ್ತಿದ್ದ ಜನಕ್ಕೆ ವೇಗದ ಸಂಪರ್ಕ ಕೊಡುವವರು ಯಾರು? ಎರಡೂ ತಂತಿಗಳ ಒಡೆಯರು ಕಣಕ್ಕಿಳಿದರು.

ನಮ್ಮ ಮಾತನ್ನು ಸಾಗಿಸಲು ಫೋನಿಗೆ ಸುಮಾರು 3,400 ಹರ್ಟ್ಸ್‌ವರೆಗಿನ ಕಂಪನ ಸಾಕು. ಅದರಾಚೆ ತಾಮ್ರದ ತಂತಿ ಖಾಲಿಯೇ ಇತ್ತು. ಡಿ.ಎಸ್.ಎಲ್. ಎಂಬ ತಂತ್ರ ಆ ಖಾಲಿ ಜಾಗವನ್ನು ಸುಮಾರು 11 ಲಕ್ಷ ಹರ್ಟ್ಸ್‌ವರೆಗೆ ದುಡಿಸಿಕೊಂಡಿತು. ಆದರೆ ದೂರ ಹೋದಷ್ಟೂ ಸಂಕೇತ ಸೊರಗುತ್ತದೆ. ಎಕ್ಸ್‌ಚೇಂಜಿನಿಂದ ಐದೂವರೆ ಕಿಲೋಮೀಟರ್ ದಾಟಿದ ಮನೆಯವರ ಪಾಡು ನಾಲೆಯ ಕೊನೇ ಭಾಗದ ರೈತನ ಪಾಡು. ಕೇಬಲ್ಲಿಗೆ ಕಸುವು ಹೆಚ್ಚು. ಅದರ ತೊಂದರೆಯೇ ಬೇರೆ: ಬಡಾವಣೆಗೆಲ್ಲ ಒಂದೇ ತಂತಿ. ಸಂಜೆ ಎಲ್ಲರೂ ಒಟ್ಟಿಗೆ ಕಂಪ್ಯೂಟರ್ ಮುಂದೆ ಕುಳಿತರೆ ಬೀದಿನಲ್ಲಿಗೆ ಎಲ್ಲರೂ ಕೊಡ ತಂದಂತೆ.

ಇಷ್ಟೇ ಆಗಿದ್ದರೆ ಎಂಜಿನಿಯರುಗಳೇ ತೀರ್ಮಾನಿಸಿಕೊಳ್ಳುತ್ತಿದ್ದರು. ಕಾನೂನು ಮಾತ್ರ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚಿತ್ತು. 1996ರ ದೂರಸಂಪರ್ಕ ಕಾಯಿದೆಯಂತೆ ಫೋನ್ ಕಂಪನಿಗಳು ತಮ್ಮ ತಂತಿಯನ್ನು ಪ್ರತಿಸ್ಪರ್ಧಿಗಳಿಗೂ ಬಾಡಿಗೆಗೆ ಕೊಡಬೇಕಿತ್ತು. (ಕೊಡುವಾಗ ಬೇಕೆಂದೇ ಸತಾಯಿಸುತ್ತಾರೆಂದು ಬಾಡಿಗೆದಾರರು ದೂರುತ್ತಿದ್ದರು, ಅದು ಬೇರೆ ಮಾತು.) ಕೇಬಲ್ಲಿನವರಿಗೆ ಆ ಹಂಗಿರಲಿಲ್ಲ. ಎಟಿ ಅಂಡ್ ಟಿ ಕಂಪನಿ ಟಿಸಿಐ ಎಂಬ ದೊಡ್ಡ ಕೇಬಲ್ ಜಾಲವನ್ನು ಕೊಳ್ಳಹೊರಟಾಗ, 1998ರ ಕೊನೆಗೆ, ಪೋರ್ಟ್‌ಲೆಂಡ್ ನಗರ 'ನಿಮ್ಮ ತಂತಿಯೂ ಎಲ್ಲರಿಗೆ ತೆರೆದಿರಲಿ' ಎಂದು ಷರತ್ತು ಹಾಕಿತು. ನಗರಕ್ಕೆ ಆ ಅಧಿಕಾರವಿಲ್ಲವೆಂದು 2000ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2002ರಲ್ಲಿ ಒಂದು ಜಾಣತನ ಮಾಡಿತು. ಕೇಬಲ್ ಇಂಟರ್‌ನೆಟ್ 'ಮಾಹಿತಿ ಸೇವೆ'ಯಂತೆ. ಸಂಪರ್ಕವನ್ನು ಅವರು ಬೇರೆಯಾಗಿ ಮಾರುತ್ತಿಲ್ಲವಂತೆ. ಹಾಗಾಗಿ ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ! 2005ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಇದನ್ನು ಎತ್ತಿಹಿಡಿಯಿತು. ಒಪ್ಪದ ನ್ಯಾಯಮೂರ್ತಿ ಸ್ಕಾಲಿಯಾ ಪಿಜ್ಜಾ ಅಂಗಡಿಯ ಹೋಲಿಕೆ ಕೊಟ್ಟರು: ಪಿಜ್ಜಾವನ್ನು ಮನೆಗೇ ತಂದುಕೊಡುವವನು 'ತಲುಪಿಸುವ ಕೆಲಸ ನನ್ನದಲ್ಲ' ಎಂದರೆ ಯಾರು ನಂಬುತ್ತಾರೆ? ನನಗಂತೂ ಅವರ ಮಾತೇ ಸರಿ ಎನಿಸುತ್ತದೆ.

ಕೇಬಲ್ಲಿಗಿಲ್ಲದ ಕಟ್ಟು ನಮಗೇಕೆ ಎಂದು ಫೋನ್ ಕಂಪನಿಗಳು ಕೇಳುತ್ತಲೇ ಇದ್ದವು. ಎರಡೇ ತಿಂಗಳಲ್ಲಿ ಎಫ್‌ಸಿಸಿ ಡಿ.ಎಸ್.ಎಲ್. ಸೇವೆಯ ಕಟ್ಟನ್ನೂ ಸಡಿಲಿಸಿತು. ಎರಡು ತಂತಿಗಳ ಜಗಳದಲ್ಲಿ ನೆಲೆ ಕಳೆದುಕೊಂಡವರು ತಂತಿಯಿಲ್ಲದ ಸಣ್ಣ ಕಂಪನಿಗಳವರು. ಅವರು ಹೋದಮೇಲೆ ಗೃಹಸ್ಥನಿಗೆ ಉಳಿದದ್ದು ಕೇಬಲ್ ಅಥವಾ ಫೋನು. ಎಕ್ಸ್‌ಚೇಂಜ್ ದೂರವಿದ್ದರೆ ಕೇಬಲ್ ಒಂದೇ.

ಅದೇ 2005ರಲ್ಲಿ ವೆರೈಜನ್ ಕಂಪನಿ ಟೆಕ್ಸಸ್‌ನ ಕೆಲರ್ ಎಂಬ ಊರಿನ ಮನೆಗಳಿಗೆ ಮೂರನೆಯ ತಂತಿ ಎಳೆದು ಟಿ.ವಿ.ಯನ್ನೂ ಕೊಡತೊಡಗಿತು. ಅದು ಗಾಜಿನೆಳೆ. ಮನೆಯವರೆಗೆ ಹೊಸದಾಗಿ ಎಳೆಯುವ ಇಂಥ ಎಳೆಯನ್ನು ಪ್ರತಿಸ್ಪರ್ಧಿಗಳಿಗೆ ಬಾಡಿಗೆಗೆ ಕೊಡಬೇಕಿಲ್ಲವೆಂದು ಎಫ್‌ಸಿಸಿ 2003ರಲ್ಲೇ ಹೇಳಿಯಾಗಿತ್ತು.