ಲೋಕಿಗಾಗಿ ಒಂದು ಹನಿ ಕಣ್ಣೀರು

ಈ ಬಾರಿಯ ಬೇಸಗೆ ರಜೆಯಲ್ಲಿ ನಮ್ಮ ಮನೆಯಂಗಳ ದೇವಲೋಕವಾಗಿತ್ತು. ಮೊಮ್ಮಕ್ಕಳಿಬ್ಬರು ಅಮೇರಿಕದ ಚಿತ್ರಕಥೆಗಳನ್ನು ಓದಿ ಅದನ್ನೇ ಆಟವಾಗಿಸಿಕೊಂಡಿದ್ದರು. ದೊಡ್ಡವನ ಕೈಯಲ್ಲಿ ಕೊಟ್ಟಿಗೆಯ ಕೊಡತಿ. ಅವನು ಸುತ್ತಿಗೆ ಹಿಡಿದ ಸಿಡಿಲಿನ ದೇವರು ಥಾರ್. ಸಣ್ಣವನ ತಲೆಯ ಮೇಲೆ ಎರಡು ಕಡ್ಡಿ ಸಿಕ್ಕಿಸಿದ ಮುಟ್ಟಾಳೆ. ಅವನು ಕೊಂಬಿನ ಕಿರೀಟದ ಖಳನಾಯಕ ಲೋಕಿ. ಮೂರನೆಯ ದಿನ ಸಣ್ಣವನು ಮುಟ್ಟಾಳೆಯನ್ನು ಜಗಲಿಗೆ ಎಸೆದು, "ಯಾವಾಗಲೂ ನಾನೇ ಯಾಕೆ ಲೋಕಿ ಆಗಬೇಕು ಅಜ್ಜ?" ಎಂದು ಅತ್ತ. "ಅಣ್ಣ ಹೇಳಿದ ಹಾಗೆ ಕೇಳು, ಅವನನ್ನು ನೋಡಿ ಕಲಿ" ಎಂದು ಗದರಿಸಿದೆ. ಅನಂತರ ಆ ಕಥೆಗಳನ್ನು ನಾನೇ ಕುಳಿತು ಓದಿದೆ. ಓದಿದ ಮೇಲೆ ನನ್ನ ಉತ್ತರ ತಪ್ಪೆಂದು ತೋರಿತು.

ಥಾರ್ ಮತ್ತು ಲೋಕಿ ಮೂಲತಃ ಉತ್ತರ ಯುರೋಪಿನ ಪ್ರಾಚೀನ ಪುರಾಣಗಳ ಪಾತ್ರಗಳು. ಹದಿಮೂರನೆಯ ಶತಮಾನದಲ್ಲಿ ಐಸ್‌ಲೆಂಡಿನಲ್ಲಿ ಬರಹಕ್ಕಿಳಿದ ಆ ಪುರಾಣಗಳಲ್ಲಿ ಇವರಿಬ್ಬರು ಅಣ್ಣತಮ್ಮಂದಿರೇ ಅಲ್ಲ. ಲೋಕಿ ದೈತ್ಯವಂಶದವನು, ಥಾರನ ತಂದೆ ಓಡಿನ್ನನೊಡನೆ ರಕ್ತದ ಆಣೆಯಿಟ್ಟು ಸಹೋದರನಾದವನು. ಇವರನ್ನು ಒಂದೇ ಮನೆಯ ಮಕ್ಕಳನ್ನಾಗಿ ಮಾಡಿದ್ದು ಅಮೇರಿಕದ ಮಾರ್ವೆಲ್ ಸಂಸ್ಥೆಯ ಚಿತ್ರಕಥೆ. 1962ರಲ್ಲಿ ಸ್ಟಾನ್ ಲೀ, ಲ್ಯಾರಿ ಲೀಬರ್ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಥಾರನನ್ನು ತಂದರು. ಎರಡು ಸಂಚಿಕೆ ಕಳೆಯುವಷ್ಟರಲ್ಲಿ ಲೋಕಿಯೂ ಬಂದ. ವೀರನಿಗೆ ಹೊರಗಿನ ವೈರಿಗಿಂತ ಒಳಗಿನ ವೈರಿಯೇ ಹೆಚ್ಚು ನೋವು ಕೊಡುತ್ತಾನೆಂಬ ಸತ್ಯ ಅವರಿಗೆ ಗೊತ್ತಿದ್ದಿರಬೇಕು.

ಲೋಕಿಯ ಜನ್ಮವೃತ್ತಾಂತವನ್ನು ಮಾರ್ವೆಲ್ ಹೇಳಿದ್ದು 1965ರಲ್ಲಿ. ಓಡಿನ್ ಹಿಮದೈತ್ಯರ ಅರಸ ಲಾಫೆಯನ್ನು ಯುದ್ಧದಲ್ಲಿ ಕೊಲ್ಲುತ್ತಾನೆ. ಆತನ ಕೋಟೆಯಲ್ಲಿ ಬಚ್ಚಿಟ್ಟಿದ್ದ ಮಗುವನ್ನು ಕಂಡು, ತನ್ನ ಮಗನೆಂದು ಸಾಕುತ್ತಾನೆ. ಹೊಗಳಿಕೆಯೆಲ್ಲ ಥಾರನ ಪಾಲಾಗುತ್ತದೆ. ಬಲವೇ ಮರ್ಯಾದೆಯಾದ ಆ ಮನೆಯಲ್ಲಿ ಬುದ್ಧಿವಂತನಾದ ಲೋಕಿ ಮಾಯೆಯನ್ನೂ ಮೋಸವನ್ನೂ ಕಲಿಯುತ್ತಾನೆ. 2011ರ ಚಲನಚಿತ್ರದಲ್ಲಿ ಈ ಗಾಯ ಇನ್ನೂ ಆಳ: ತಾನು ಯಾರ ಮಗನೆಂಬುದು ಲೋಕಿಗೆ ತಿಳಿಯುವುದೇ ಬೆಳೆದು ದೊಡ್ಡವನಾದ ಮೇಲೆ.

ಇದನ್ನು ಓದುವಾಗ ನಮ್ಮ ವಾಚಕರಿಗೆ ಯಾರ ನೆನಪು ಬರುತ್ತದೆಂದು ಬೇರೆ ಹೇಳಬೇಕೆ? ಕರ್ಣಭೇದನದ ತಾಳಮದ್ದಳೆಯಲ್ಲಿ ಕೃಷ್ಣನು ಜನ್ಮರಹಸ್ಯವನ್ನು ಬಿಚ್ಚಿದಾಗ ಕರ್ಣನ ಪಾತ್ರಧಾರಿ ಎಷ್ಟು ಹೊತ್ತು ವಾದಿಸಿದರೂ ಕೇಳಲು ಕುಳಿತವರು ನಾವು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳಲ್ಲಿ ವಾಲಿ ಸುಗ್ರೀವರ ಕಾಳಗವನ್ನು ಕಂಡವರು ನಾವು. ಸೋಲುವವನಿಗೂ ಅರ್ಥ ಹೇಳುವ ಹಕ್ಕಿದೆಯೆಂಬುದು ನಮ್ಮ ಕಲೆಯ ಧರ್ಮ. ಆ ಚಿತ್ರಕಥೆಯ ಆರಂಭದ ವರ್ಷಗಳಲ್ಲಿ ಲೋಕಿಗೆ ಇಂತಹ ಅವಕಾಶ ದೊರೆತದ್ದು ಕಡಿಮೆ. ಬರುತ್ತಿದ್ದ, ಹೂಡುತ್ತಿದ್ದ, ಸೋಲುತ್ತಿದ್ದ. ಅವನ ಪಕ್ಷದ ಮಾತು ತುಂಬಿ ಬಂದದ್ದು ದಶಕಗಳ ಅನಂತರ.

ಮೊದಲ ಕಥೆಯಲ್ಲೇ ಒಂದು ಸಂಗತಿಯಿದೆ. ಲೋಕಿಯನ್ನು ಒಂದು ಮರದೊಳಗೆ ಬಂಧಿಸಿಟ್ಟಿರುತ್ತಾರೆ. ಅವನ ಸ್ಥಿತಿಗೆ ಯಾರಾದರೂ ಒಂದು ಹನಿ ಕಣ್ಣೀರು ಹಾಕಿದರೆ ಮಾತ್ರ ಬಿಡುಗಡೆ. ಯಾರೂ ಅಳುವುದಿಲ್ಲ. ಕೊನೆಗೆ ಅವನು ಎಲೆಯೊಂದನ್ನು ಉದುರಿಸಿ ದೇವಲೋಕದ ಕಾವಲುಗಾರನ ಕಣ್ಣಿಗೆ ತಾಗಿಸುತ್ತಾನೆ, ಕಣ್ಣಲ್ಲಿ ನೀರು ಬರುತ್ತದೆ, ಲೋಕಿ ಹೊರಬರುತ್ತಾನೆ. ಬರೆದವರು ಇದನ್ನು ಖಳನ ಜಾಣತನವೆಂದು ಬರೆದಿರಬಹುದು. ನನಗೆ ಮಾತ್ರ, ಇಡೀ ಮನೆಯಲ್ಲಿ ತನಗಾಗಿ ಅಳುವವರಿಲ್ಲದೆ ಕಣ್ಣೀರನ್ನೂ ಕದಿಯಬೇಕಾಗಿ ಬಂದ ಮಗ ಕಂಡ.

ಹಾಗಾದರೆ ತಪ್ಪೆಲ್ಲ ತಂದೆಯದೇ, ಖಳನದು ಏನೂ ಇಲ್ಲವೇ ಎಂದು ಕೆಲವರು ಕೇಳಬಹುದು. ಹಾಗೆ ಹೇಳುವುದು ನನ್ನ ಉದ್ದೇಶವಲ್ಲ. ನೋವು ಅಪರಾಧಕ್ಕೆ ಕಾರಣವಾಗಬಹುದು, ಸಮರ್ಥನೆಯಾಗದು. 1963ರ ಕಥೆಯಲ್ಲಿ ಲೋಕಿ ಥಾರನ ಮೇಲಿನ ಹಗೆಗೆ ಏನೂ ಅರಿಯದ ಹಲ್ಕ್‌ನನ್ನು ದಾಳವಾಗಿಸಿದ. ಅದನ್ನು ತಡೆಯಲು ಕೂಡಿದ ವೀರರೇ 'ಅವೆಂಜರ್ಸ್' ಆದರು. ಆ ಪಾಪ ಲೋಕಿಯದೇ. ಆದರೆ ಮಕ್ಕಳ ತಪ್ಪನ್ನು ಎಣಿಸುವಾಗ ಹಿರಿಯರು ತಮ್ಮ ಲೆಕ್ಕವನ್ನು ಬಿಡಬಾರದೆಂಬುದಷ್ಟೇ ನನ್ನ ವಾದ. ಓಡಿನ್ನನಿಗೆ ಒಂದು ಕಣ್ಣಿಲ್ಲ. ಇಬ್ಬರು ಮಕ್ಕಳನ್ನು ಒಂದೇ ಕಣ್ಣಿನಿಂದ ನೋಡಿದ ತಂದೆ ಆತ, ಆದರೆ ನಾವು ಹೇಳುವ ಅರ್ಥದಲ್ಲಿ ಅಲ್ಲ.

ಇನ್ನೊಂದು ಮಾತು. ಚಿತ್ರಕಥೆ ಮುಂದಿನ ತಿಂಗಳೂ ಮಾರಾಟವಾಗಬೇಕು. ಆದುದರಿಂದ ಖಳ ಸಾಯುವಂತಿಲ್ಲ, ಸತ್ತರೂ ತಿರುಗಿ ಬರಬೇಕು, ಜಗಳ ಮುಗಿಯಕೂಡದು. ಮನೆಗೆ ಆ ಅನುಕೂಲವಿಲ್ಲ. ಅಂಗಳದಲ್ಲಿ ಹುಟ್ಟಿದ ಮುನಿಸು ಪಾಲುಪಟ್ಟಿಯ ದಿನದವರೆಗೂ ಬೆಳೆಯುವುದನ್ನು ನಾವು ಕಂಡಿಲ್ಲವೇ?

ಇಂಥ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ದೂರುವ ಹಿರಿಯರು ಒಮ್ಮೆ ಅವನ್ನು ಮಕ್ಕಳೊಡನೆ ಕುಳಿತು ಓದಲಿ. ಅದರಲ್ಲಿ ಸುತ್ತಿಗೆ ಬೀಸುವವನಿಗಿಂತ ನಮ್ಮ ಮುಖವೇ ಹೆಚ್ಚು ಕಾಣಿಸೀತು. ಮರುದಿನ ನಾನು ಮುಟ್ಟಾಳೆಯನ್ನು ದೊಡ್ಡವನ ತಲೆಗಿಟ್ಟು, ಕೊಡತಿಯನ್ನು ಸಣ್ಣವನಿಗೆ ಕೊಟ್ಟೆ. ಅಣ್ಣನನ್ನು ನೋಡಿ ಕಲಿ ಎಂದದ್ದು ನನ್ನ ತಪ್ಪೆಂದೂ ಹೇಳಿದೆ. ದೊಡ್ಡವನು ಅರ್ಧ ದಿನ ಮುಖ ಊದಿಸಿಕೊಂಡಿದ್ದ. ಇರಲಿ, ಅವನೂ ಕಲಿಯಬೇಕಾದ ಪಾಠವದು.