ಮನೆ ಮಾರಾಟ: ದಲ್ಲಾಳಿಗೆ ಶೇಕಡಾವಾರೋ, ನಿಗದಿತ ಶುಲ್ಕವೋ?

ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನ ಉದ್ಯಮಿಗಳು ಲಾರಿ ಬಾಡಿಗೆಯಲ್ಲಿ ನೂರು ರೂಪಾಯಿಗೂ ಚೌಕಾಶಿ ಮಾಡುವರು. ಅವರೇ ಮನೆ ಮಾರುವಾಗ ದಲ್ಲಾಳಿ ಕೇಳುವ ಶೇ. 2ರ ಕಮಿಷನ್‌ಗೆ ಮರುಮಾತಿಲ್ಲದೆ ಒಪ್ಪುವುದುಂಟು. 60 ಲಕ್ಷ ರೂ.ಗಳ ಮನೆಗೆ ಇದು 1,20,000 ರೂ. ಬಂಡವಾಳಕ್ಕಾಗಿಯೇ ಮನೆ ಮಾರುವ ಸಣ್ಣ ಉದ್ಯಮಿಗೆ ಈ ಮೊತ್ತ ಅಲ್ಪವಲ್ಲ.

ಬೆಲೆ ಏರಿದರೆ ದಲ್ಲಾಳಿಗೂ ಲಾಭ, ಆದ್ದರಿಂದ ಆತ ಮಾರುವವನ ಪರ ನಿಲ್ಲುತ್ತಾನೆಂಬ ವಾದವಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 58 ಲಕ್ಷಕ್ಕೆ ಇಂದೇ ವ್ಯವಹಾರ ಮುಗಿದರೆ ಆತನಿಗೆ 1,16,000 ರೂ. ದಕ್ಕುತ್ತದೆ, 60 ಲಕ್ಷಕ್ಕಾಗಿ ತಿಂಗಳುಗಟ್ಟಲೆ ಕಾದರೆ ಹೆಚ್ಚುವುದು ಕೇವಲ 4,000 ರೂ. ಮಾರುವವನು ಕಳೆದುಕೊಳ್ಳುವುದಾದರೋ 2 ಲಕ್ಷ.

ಮಂಡಿಯ ದಲ್ಲಾಳಿಯೂ ಶೇಕಡಾವಾರು ಪಡೆಯುವನಲ್ಲವೇ ಎನ್ನಬಹುದು. ಆದರೆ ಆತ ಮುಂಗಡ ಕೊಡುತ್ತಾನೆ, ಬಾಕಿಯ ಹೊಣೆ ಹೊರುತ್ತಾನೆ. ಮನೆಯ ದಲ್ಲಾಳಿಗೆ ಅಂತಹ ಹೊಣೆಯಿಲ್ಲ. ಆತನದು ಓಡಾಟದ ಕೆಲಸ. ಓಡಾಟಕ್ಕೆ ನಿಗದಿತ ಶುಲ್ಕವೇ ನ್ಯಾಯ.

ಈ ಪದ್ಧತಿಗೂ ದೋಷವುಂಟು: ಪೂರ್ಣ ಹಣ ಮೊದಲೇ ಸಂದರೆ ಆಸಕ್ತಿ ಕುಂದುತ್ತದೆ. ಆದ್ದರಿಂದ ಅಲ್ಪಭಾಗ ಮುಂಗಡವಾಗಿ, ಉಳಿದುದನ್ನು ನೋಂದಣಿಯ ದಿನ ಕೊಡುವುದು ಲೇಸು. ಕೊಳ್ಳುವವನಿಂದಲೂ ದಲ್ಲಾಳಿ ಹಣ ಪಡೆಯುವನೇ ಎಂಬುದು ಕರಾರಿನಲ್ಲಿರಬೇಕು. 2016ರ ರೇರಾ ಕಾಯ್ದೆಯ 9ನೇ ಕಲಮು ನೋಂದಾಯಿತ ಯೋಜನೆಗಳ ದಲ್ಲಾಳಿಗಳಿಗಷ್ಟೇ ಅನ್ವಯ. ಹಳೆಯ ಒಂಟಿ ಮನೆಯ ಮಾರಾಟಕ್ಕೆ ಅದರ ರಕ್ಷಣೆಯಿಲ್ಲ. ಬರೆದ ಕರಾರೇ ಅಲ್ಲಿ ರಕ್ಷೆ.

ಇ-ಖಾತಾ, ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿಗಳನ್ನು ಮಾಲೀಕನೇ ಮೊದಲು ಸಿದ್ಧಪಡಿಸಿಕೊಂಡರೆ ದಲ್ಲಾಳಿಯ ಕೆಲಸ ಅರ್ಧ ಇಳಿಯುತ್ತದೆ. ಶುಲ್ಕದ ಮಾತನ್ನು ಅನಂತರ ಆಡುವುದೇ ವ್ಯಾಪಾರದ ಜಾಣತನ.